ಎರಡು ಓ, ಒಂದು ಟಿ, ಒಂದು ಎ



ನಾನು ಹಾಸನದಲ್ಲಿ ಬಿ.ಕಾಂ. ಕೊನೆಯ ವರ್ಷ ಓದುತ್ತಿರುವ ಹುಡುಗಿ. ಊರು ಅರಸೀಕೆರೆ ತಾಲ್ಲೂಕಿನ ಒಂದು ಹಳ್ಳಿ. ಮನೆಯಲ್ಲಿ ಅಪ್ಪ, ಅಮ್ಮ, ಪಿಯುಸಿ ಓದುವ ತಮ್ಮ, ಮೂರು ಹಸು, ಒಂದಿಷ್ಟು ತೆಂಗು. ನನ್ನ ಫೋನಿನಲ್ಲಿ ಎಂಟು ಸಾಮಾಜಿಕ ಜಾಲತಾಣಗಳಿವೆ. ಅವನ್ನೆಲ್ಲ ಹೇಗೆ ಬಳಸುತ್ತೀರಿ, ಒಂದು ಹದಿನೈದು ನಿಮಿಷ ಮಾತಾಡಿ ಎಂದು ಆಕಾಶವಾಣಿಯವರು ಕೇಳಿದರು. ಯಾವ ಆ್ಯಪಿನಲ್ಲಿ ಎಷ್ಟು ಹೊತ್ತು ಕಳೆದೆ ಎನ್ನುವ ಲೆಕ್ಕವನ್ನು ಫೋನೇ ಬರೆದಿಟ್ಟಿರುತ್ತದೆ. ತೆಗೆದು ನೋಡಿದೆ. ನೋಡಿ ಮುಚ್ಚಿಟ್ಟೆ. ಅಪ್ಪ ಈ ಕಾರ್ಯಕ್ರಮ ಕೇಳುತ್ತಾರೆ; ಆ ಅಂಕಿಯನ್ನು ಇಲ್ಲಿ ಹೇಳಲಾರೆ.

ಅದರ ಬದಲು ಇನ್ನೊಂದು ಲೆಕ್ಕ ತೆಗೆದೆ. ಒಂದೇ ದಿನದಲ್ಲಿ ಎಲ್ಲೆಲ್ಲಿ ಏನೇನು ಬರೆದಿದ್ದೇನೆ ಎಂದು ಹುಡುಕಿ ಹುಡುಕಿ ನೋಟ್‌ಬುಕ್ಕಿಗೆ ಇಳಿಸಿದೆ. ಓದಿಕೊಂಡರೆ ನಗು ಬಂತು. ನಾಲ್ಕಾರು ಹುಡುಗಿಯರು ಸೇರಿ ಬರೆದ ಹಾಗಿತ್ತು. ಒಬ್ಬಳ ಕನ್ನಡದಲ್ಲಿ ಒಂದು ಒತ್ತಕ್ಷರವೂ ತಪ್ಪಿಲ್ಲ. ಇನ್ನೊಬ್ಬಳಿಗೆ ಕನ್ನಡ ಲಿಪಿಯೇ ಬರುವಂತೆ ಕಾಣುವುದಿಲ್ಲ. ಒಬ್ಬಳು ಇಂಗ್ಲಿಷಿನಲ್ಲಿ ತನ್ನನ್ನು ತಾನೇ ಹೊಗಳಿಕೊಳ್ಳುತ್ತಾಳೆ. ಮತ್ತೊಬ್ಬಳು ಮಾತೇ ಆಡುವುದಿಲ್ಲ, ಹಾಸ್ಟೆಲ್ಲಿನ ಫ್ಯಾನಿನ ಫೋಟೋ ಕಳಿಸುತ್ತಾಳೆ. ಯಾವ ತಾಣದ್ದು ಎಂದು ಹೆಸರು ಬರೆದುಕೊಳ್ಳದಿದ್ದರೂ, ಆ ಸಾಲಿನ ಕನ್ನಡ ನೋಡಿಯೇ ಇದು ಇಂಥಲ್ಲಿ ಬರೆದದ್ದು ಎಂದು ಹೇಳಬಹುದಿತ್ತು. ಇವತ್ತು ಆ ಕನ್ನಡಗಳ ಬಗ್ಗೆ ಮಾತಾಡುತ್ತೇನೆ.

ಮೊದಲು ವಾಟ್ಸ್‌ಆ್ಯಪ್. 2020ರಲ್ಲಿ ನಾನು ಹತ್ತನೇ ತರಗತಿಗೆ ಬಂದಾಗ ಶಾಲೆ ಮುಚ್ಚಿತ್ತು. ಆನ್‌ಲೈನ್ ಪಾಠಕ್ಕೆಂದು ಅಪ್ಪ ಒಂದು ಕರು ಮಾರಿ ಟಚ್ ಫೋನು ತಂದರು. ಅದಕ್ಕೆ ಮುಂಚೆ ಮನೆಯಲ್ಲಿದ್ದದ್ದು ಗುಂಡಿ ಒತ್ತುವ ಫೋನು. ಮೇಷ್ಟ್ರುಗಳು ಪಾಠ ಕಳಿಸುತ್ತಿದ್ದದ್ದು ವಾಟ್ಸ್‌ಆ್ಯಪ್ಪಿನಲ್ಲಿ. ನೆಟ್‌ವರ್ಕ್ ಸಿಗುತ್ತಿದ್ದದ್ದು ಕೆರೆ ಏರಿಯ ಮೇಲೆ. ಅಲ್ಲೊಂದು ಕಲ್ಲಿನ ಮೇಲೆ ಕೂತು, ಬಿಸಿಲಿಗೆ ಸ್ಕ್ರೀನ್ ಕಾಣುವುದಿಲ್ಲವೆಂದು ವೇಲು ತಲೆ ಮೇಲೆ ಎಳೆದುಕೊಂಡು ತ್ರಿಕೋನಮಿತಿ ಕಲಿತವಳು ನಾನು. ದಾರಿಯಲ್ಲಿ ಹೋಗುವವರು, ‘ಯಾಕವ್ವ, ಮುಸುಕು ಹಾಕ್ಕೊಂಡು ಅಳ್ತಿದ್ದೀಯ?’ ಎಂದು ಕೇಳುತ್ತಿದ್ದರು.

ಅದೇ ಕಲ್ಲಿನ ಮೇಲೆ ಕಲಿತ ಇನ್ನೊಂದು ವಿದ್ಯೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವುದು. ಇದನ್ನು ಯಾರೂ ಹೇಳಿಕೊಡಲಿಲ್ಲ. ಎರಡು ಓ, ಒಂದು ಟಿ, ಒಂದು ಎ ಒತ್ತಿದರೆ ಊಟ. ಮುಂದೆ ಎ, ವೈ, ಟಿ, ಎ ಸೇರಿಸಿದರೆ ‘ಊಟ ಆಯ್ತಾ’. ‘ಹೂಂ’ ಎನ್ನಲು ಎಚ್, ಯು ಸಾಕು. ನನ್ನ ಓರಗೆಯವರು ಹೆಚ್ಚುಕಡಿಮೆ ಎಲ್ಲರೂ ಬರೆಯುವುದು ಹೀಗೇ. ಕನ್ನಡ ಬಾರದ್ದಕ್ಕೆ ಹೀಗೆ ಬರೆಯುತ್ತಾರೆ ಎಂದು ದೊಡ್ಡವರು ಬೈಯುವುದನ್ನು ಕೇಳಿದ್ದೇನೆ. ಹತ್ತನೇ ತರಗತಿಯ ಕನ್ನಡದಲ್ಲಿ 125ಕ್ಕೆ ನೂರಿಪ್ಪತ್ತು ತೆಗೆದ ಹುಡುಗಿಯರೂ ಹೀಗೇ ಬರೆಯುತ್ತಾರೆ ಸ್ವಾಮಿ. ಫೋನು ಕೈಗೆ ಬಂದಾಗ ಇಂಗ್ಲಿಷ್ ಕೀಬೋರ್ಡ್ ಇತ್ತು, ಬೆರಳಿಗೆ ಅದೇ ಕೂತಿತು, ಅಷ್ಟೇ. ನಮಗಿಂತ ಹಿಂದಿನವರಿಗಂತೂ ಬೇರೆ ದಾರಿಯೇ ಇರಲಿಲ್ಲ. ಆ್ಯಂಡ್ರಾಯ್ಡ್ ಫೋನಿಗೆ ಕನ್ನಡ ಅಕ್ಷರ ಕೂಡಿಸಿ ತೋರಿಸುವುದು ಬಂದದ್ದೇ 2012ರಲ್ಲಿ, 4.1ನೇ ಆವೃತ್ತಿಯ ಜೊತೆಗೆ. ಅದಕ್ಕೂ ಮೊದಲು ಯಾರಾದರೂ ಕನ್ನಡದಲ್ಲಿ ಕಳಿಸಿದರೆ ಸಾಲಾಗಿ ಖಾಲಿ ಚೌಕಗಳು ಬರುತ್ತಿದ್ದವು ಎಂದು ನಮ್ಮ ಸೋದರಮಾವ ಹೇಳುತ್ತಾರೆ.

ಈ ಬರವಣಿಗೆಯಲ್ಲಿ ಒಂದು ತೊಡಕಿದೆ. ಲಕಾರಕ್ಕೂ ಎಲ್, ಳಕಾರಕ್ಕೂ ಎಲ್. ಬಿ, ಎ, ಎಲ್, ಇ ಎಂದರೆ ಬಳೆಯೂ ಆದೀತು, ಬಲೆಯೂ ಆದೀತು, ಬಾಳೆಯೂ ಆದೀತು. ಸಂದರ್ಭ ನೋಡಿ ಓದಿಕೊಳ್ಳುತ್ತೇವೆ. ಒಮ್ಮೆ ಆ ಸಂದರ್ಭವೇ ಕೈಕೊಟ್ಟಿತು.

ಹೋದ ಶ್ರಾವಣದಲ್ಲಿ ಅಮ್ಮನಿಗೆ ಹದಿನೈದು ದಿನ ಜ್ವರ ಬಿಟ್ಟು ಬಿಟ್ಟು ಬಂತು. ರಕ್ತ ಪರೀಕ್ಷೆಗೆ ಕೊಟ್ಟಿದ್ದರು. ಬೆಳಿಗ್ಗೆ ಕ್ಲಾಸಿನಲ್ಲಿ ಕೂತಿದ್ದವಳು ಡೆಸ್ಕಿನ ಕೆಳಗೆ ಫೋನು ಇಟ್ಟುಕೊಂಡು ಮನೆಯ ಗ್ರೂಪಿನಲ್ಲಿ ಕೇಳಿದೆ: ಅಮ್ಮನ ರಿಪೋರ್ಟ್ ಏನಾಯ್ತು? ಒಂದು ನಿಮಿಷಕ್ಕೆ ತಮ್ಮನ ಉತ್ತರ ಬಂತು. ಎಚ್, ಎರಡು ಎ, ಎಲ್, ಆಮೇಲೆ ಎ, ವೈ, ಟಿ, ಯು. ನಾನು ಓದಿಕೊಂಡದ್ದು, ‘ಹಾಳಾಯ್ತು’.

ಬೆಂಚಿನಿಂದ ಎದ್ದೆ. ಲೆಕ್ಚರರ್ ಏನೋ ಕೇಳಿದರು, ನಾನೇನೋ ಹೇಳಿದೆ, ಎರಡೂ ನೆನಪಿಲ್ಲ. ಕಾರಿಡಾರಿಗೆ ಬಂದು ಫೋನ್ ಮಾಡಿದರೆ ಅವನು ಡೇರಿ ಮುಂದೆ ನಿಂತಿದ್ದ. ಕ್ಯಾನುಗಳ ಸದ್ದು ಕೇಳುತ್ತಿತ್ತು. ‘ಏನಾಯ್ತೋ ಅಮ್ಮಂಗೆ?’ ಅಂದೆ. ‘ಅಮ್ಮಂಗೇನಾಗಿದೆ? ರಿಪೋರ್ಟು ಸಂಜೆ ಕೊಡ್ತಾರಂತೆ. ಹಾಲು ಹಾಕಿದ್ದಾಯ್ತಾ ಅಂತ ಅಪ್ಪ ವಾಯ್ಸ್ ಹಾಕಿತ್ತಲ್ಲಕ್ಕ, ಅದಕ್ಕೆ ಹೇಳ್ದೆ, ಹಾಲಾಯ್ತು ಅಂತ’ ಅಂದ. ಅಪ್ಪನ ಧ್ವನಿ ಸಂದೇಶ ನನ್ನ ಪ್ರಶ್ನೆಯ ಮೇಲೇ ಇತ್ತು. ಕ್ಲಾಸಿನಲ್ಲಿ ಅದನ್ನು ಹಾಕಿ ಕೇಳುವಂತಿರಲಿಲ್ಲ, ಬಿಟ್ಟಿದ್ದೆ. ಆ ರಾತ್ರಿ ತಮ್ಮನ ಕೈಯಲ್ಲಿ ಕನ್ನಡ ಕೀಬೋರ್ಡ್ ಹಾಕಿಸಿದೆ. ಎರಡು ದಿನ ಚಂದವಾಗಿ ಕನ್ನಡದಲ್ಲೇ ಬರೆದ. ಮೂರನೇ ದಿನ ಮತ್ತೆ ಎರಡು ಓ, ಒಂದು ಟಿ, ಒಂದು ಎ. ಅಂದಹಾಗೆ, ರಿಪೋರ್ಟಿನಲ್ಲಿ ಹೆದರುವಂಥದ್ದು ಏನೂ ಇರಲಿಲ್ಲ.

ಅದೇ ವಾಟ್ಸ್‌ಆ್ಯಪ್ಪಿಗೆ ಇನ್ನೊಂದು ಬಗೆಯ ಕನ್ನಡವೂ ಬರುತ್ತದೆ. ಎಲ್ಲರ ಗಮನಕ್ಕೆ, ತುರ್ತು ಸಂದೇಶ, ನಿಮ್ಮ ಬಂಧುಮಿತ್ರರಿಗೆ ತಪ್ಪದೆ ರವಾನಿಸಿ ಎನ್ನುವ ಕನ್ನಡ. ನಮಗೆ ಅದನ್ನು ಕಳಿಸುವವರು ದೊಡ್ಡಪ್ಪ. ದೊಡ್ಡಪ್ಪನ ಬಾಯಲ್ಲಿ ‘ಬಂಧುಮಿತ್ರರು’ ಎನ್ನುವ ಮಾತನ್ನು ನಾನು ಹುಟ್ಟಿದಾಗಿನಿಂದ ಕೇಳಿಲ್ಲ. ಅವರು ನೆಂಟ್ರು ಅನ್ನುತ್ತಾರೆ. ‘ರವಾನಿಸು’ ಅಂತೂ ಕನಸಿನಲ್ಲೂ ಅಂದಿರಲಿಕ್ಕಿಲ್ಲ. ಸುಳ್ಳು ಸುದ್ದಿ ಕಂಡುಹಿಡಿಯಲು ನಾನು ಬಳಸುವ ಉಪಾಯ ಇದೊಂದೇ: ಇದು ಕಳಿಸಿದವರ ಬಾಯಿಯ ಕನ್ನಡವೇ? ಊರಿನ ಹೆಸರಿದೆಯೇ, ದಿನ ಇದೆಯೇ? ಎರಡೂ ಇಲ್ಲದೆ ಬರೀ ಗಾಬರಿ ಇದ್ದರೆ ಅದನ್ನು ನನ್ನಲ್ಲೇ ನಿಲ್ಲಿಸುತ್ತೇನೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಹಳ್ಳಿಯೊಂದರಲ್ಲಿ, ಮಕ್ಕಳಿಗೆ ಚಾಕಲೇಟು ಕೊಟ್ಟ ಹೊರಗಿನವರನ್ನು ಮಕ್ಕಳ ಕಳ್ಳರೆಂದು ತಿಳಿದು ಜನ ಮುಗಿಬಿದ್ದರು. ಹೈದರಾಬಾದಿನಿಂದ ಬಂದಿದ್ದ ಒಬ್ಬ ಎಂಜಿನಿಯರ್ ಪ್ರಾಣ ಕಳೆದುಕೊಂಡ. ಆ ಗುಲ್ಲು ಹಬ್ಬಿದ್ದು ವಾಟ್ಸ್‌ಆ್ಯಪ್ಪಿನಲ್ಲಿ. ಅದೇ ತಿಂಗಳು ಕಂಪನಿ, ಭಾರತದಲ್ಲಿ ಒಂದು ಸಂದೇಶವನ್ನು ಒಂದು ಸಲಕ್ಕೆ ಐದು ಕಡೆಗಿಂತ ಹೆಚ್ಚು ಮುಂದಕ್ಕೆ ಕಳಿಸುವಂತಿಲ್ಲ ಎಂದು ಕಟ್ಟು ಹಾಕಿತು. ನಾನಾಗ ಎಂಟನೇ ಕ್ಲಾಸು. ನಮ್ಮ ಊರಿಗೂ ಆ ಸಂದೇಶ ಬಂದಿತ್ತು. ಬಟ್ಟೆ ಮಾರಲು ಬಂದ ಹೆಂಗಸನ್ನು ಪಡಸಾಲೆಯಲ್ಲಿ ಕೂರಿಸಿಕೊಂಡು ಮೂವರು ಗಂಡಸರು ಅಷ್ಟೊತ್ತು ಪ್ರಶ್ನೆ ಕೇಳಿದ್ದು ಕಣ್ಣಿಗೆ ಕಟ್ಟಿದಂತಿದೆ. ಆಕೆ ಆಮೇಲೆ ನಮ್ಮ ಊರಿಗೆ ಬರಲಿಲ್ಲ.

ಫೇಸ್‌ಬುಕ್ ನನ್ನ ವಯಸ್ಸಿನವರಿಗೆ ಹಿರಿಯರ ಜಗಲಿ. 2004ರಲ್ಲಿ ಅಮೆರಿಕದ ಹಾರ್ವರ್ಡ್ ವಿದ್ಯಾರ್ಥಿಗಳಿಗೆಂದೇ ಶುರುವಾದದ್ದು ಇದು. ಈಗ ಅಲ್ಲಿ ವಿದ್ಯಾರ್ಥಿಯನ್ನು ಹುಡುಕಬೇಕು. ನಾನು ಹೋಗುವುದು ಯಾರದಾದರೂ ಹುಟ್ಟುಹಬ್ಬಕ್ಕೆ, ಮನೆ ಗೃಹಪ್ರವೇಶದ ಫೋಟೋಗೆ. ಅಲ್ಲಿ ಬರೆಯುವುದು ಮಾತ್ರ ಅಚ್ಚ ಕನ್ನಡ ಲಿಪಿಯಲ್ಲಿ, ಎರಡು ಸಲ ಓದಿ ನೋಡಿ. ಕಾರಣ ನಮ್ಮ ಹೈಸ್ಕೂಲಿನ ಕನ್ನಡ ಮೇಷ್ಟ್ರು. ಅವರು ನಿವೃತ್ತರಾಗಿದ್ದಾರೆ, ಕೆಂಪು ಪೆನ್ನು ಇನ್ನೂ ನಿವೃತ್ತವಾಗಿಲ್ಲ. ಒಂದು ಸಲ ಅಕ್ಕನ ಮದುವೆ ಫೋಟೋದ ಕೆಳಗೆ ‘ಹಾರ್ಧಿಕ ಶುಭಾಶಯಗಳು’ ಎಂದು ಬರೆದಿದ್ದೆ. ಐದು ನಿಮಿಷದಲ್ಲಿ ಮೇಷ್ಟ್ರ ಕಾಮೆಂಟು: ‘ದಕಾರಕ್ಕೆ ಹೊಟ್ಟೆ ಸೀಳಬೇಡ. ಹಾರ್ದಿಕ. ಹೃದಯದಿಂದ ಬಂದದ್ದು.’ ಮದುವೆಗೆ ಬಂದ ನೆಂಟರೆಲ್ಲ ಅದಕ್ಕೇ ಲೈಕ್ ಒತ್ತಿದರು. ಮದುವೆ ಹೆಣ್ಣಿಗಿಂತ ನನ್ನ ಮಹಾಪ್ರಾಣಕ್ಕೇ ಅವತ್ತು ಹೆಚ್ಚು ಹೆಸರು ಬಂತು. ಮುಜುಗರವಾದದ್ದು ನಿಜ. ಆದರೆ ಆ ಪದದಲ್ಲಿ ಹೃದಯ ಇದೆ ಎಂದು ನನಗೆ ಗೊತ್ತಾದದ್ದು ಆ ದಿನ. ಇಂಗ್ಲಿಷ್ ಅಕ್ಷರದಲ್ಲಿ ಬರೆದಿದ್ದರೆ ತಪ್ಪೂ ಕಾಣುತ್ತಿರಲಿಲ್ಲ, ಹೃದಯವೂ ಕಾಣುತ್ತಿರಲಿಲ್ಲ.

ಇನ್‌ಸ್ಟಾಗ್ರಾಮಿನ ಮಾತು ಬೇರೆ. ನಮ್ಮ ಮನೆಗೆ ಫೋನು ಬರುವ ಹೊತ್ತಿಗೆ ಟಿಕ್‌ಟಾಕ್ ಹೋಗಿತ್ತು. 2020ರ ಜೂನ್ 29ರಂದು ಕೇಂದ್ರ ಸರ್ಕಾರ ನಿಷೇಧಿಸಿದ 59 ಆ್ಯಪುಗಳಲ್ಲಿ ಅದೂ ಒಂದು. ಮುಂದಿನ ತಿಂಗಳೇ ಇನ್‌ಸ್ಟಾಗ್ರಾಮಿನ ರೀಲ್ಸ್ ನಮ್ಮ ದೇಶಕ್ಕೆ ಬಂತು. ಅಲ್ಲಿ ನಾನು ಹಾಕುವುದು ಕಮ್ಮಿ, ನೋಡುವುದೇ ಹೆಚ್ಚು. ಬೆರಳು ಮೇಲಕ್ಕೆ ತಳ್ಳಿದಷ್ಟೂ ಇನ್ನೊಂದು ಬರುತ್ತದೆ. ಪುಸ್ತಕಕ್ಕಾದರೆ ಪುಟ ಮುಗಿಯುತ್ತದೆ, ಇದಕ್ಕೆ ತಳವಿಲ್ಲ. ಮುಚ್ಚಿಟ್ಟೆ ಎಂದೆನಲ್ಲ, ಆ ಲೆಕ್ಕದಲ್ಲಿ ಮುಕ್ಕಾಲು ಪಾಲು ಇದರದ್ದೇ. ಹುಡುಗಿಯರು ಅಲ್ಲಿ ಫೋಟೋ ಹಾಕುವಾಗ ಎಷ್ಟು ಲೆಕ್ಕಾಚಾರ ಮಾಡುತ್ತೇವೆ ಎನ್ನುವುದು ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. ನನ್ನ ಖಾತೆಗೆ ಬೀಗ ಹಾಕಿದ್ದೇನೆ. ಅದರೊಳಗೂ ಹಸಿರು ಬಳೆಯ ಗುರುತಿನ, ಹನ್ನೊಂದೇ ಜನರ ಆಪ್ತರ ಪಟ್ಟಿಯೊಂದಿದೆ. ಊರಿನ ಜಾತ್ರೆಯಲ್ಲಿ ಕುಣಿದದ್ದು ಆ ಹನ್ನೊಂದು ಜನಕ್ಕೆ. ದೇವಸ್ಥಾನದ ಮುಂದೆ ಸೀರೆಯುಟ್ಟು ನಿಂತದ್ದು ಎಲ್ಲರಿಗೆ.

ಆದರೂ ಇನ್‌ಸ್ಟಾಗ್ರಾಮನ್ನು ಬೈಯಲು ಮನಸ್ಸು ಬರುವುದಿಲ್ಲ. ಪಠ್ಯಪುಸ್ತಕದಲ್ಲಿ ನಾನು ಕಂಡದ್ದು ಹೆಚ್ಚಾಗಿ ಒಂದೇ ಕನ್ನಡ. ಕನ್ನಡ ಇಷ್ಟೊಂದು ಇದೆ ಎಂದು ಕಿವಿಗೆ ಬಿದ್ದದ್ದು ಈ ರೀಲುಗಳಿಂದ. ಧಾರವಾಡದ ಕಡೆಯ ಹುಡುಗ ಅವ್ವನ ಹತ್ತಿರ ಬೈಸಿಕೊಳ್ಳುವುದು, ಮಂಡ್ಯದ ಹೆಂಗಸು ಬಸ್ಸಿನಲ್ಲಿ ಸೀಟಿಗೆ ಜಗಳವಾಡುವುದು, ಕಲಬುರಗಿಯ ಮಾವ, ಕುಂದಾಪುರದ ಅಜ್ಜಿ. ಸಮುದ್ರವನ್ನೇ ನೋಡಿರದ ನಾನು ‘ಹ್ವಾಯ್’ ಎನ್ನುವುದನ್ನು ಫೋನಿನಿಂದ ಕಲಿತೆ. ಹಾಸ್ಟೆಲ್ಲಿಗೆ ಬೈಂದೂರಿನ ಹುಡುಗಿ ಬಂದಾಗ ಅದನ್ನೇ ಪ್ರಯೋಗ ಮಾಡಿದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು, ‘ಹಾಂಗಲ್ಲ ಮಾರಾಯ್ತಿ’ ಎಂದು ರಾಗ ತಿದ್ದಿದಳು. ಈಗ ಅವಳೇ ನನ್ನ ರೂಮ್‌ಮೇಟ್.

ಸ್ನ್ಯಾಪ್‌ಚಾಟ್ ಖಾತೆ ತೆರೆಸಿದವಳೂ ಅವಳೇ. ಕೇಳುವ ಹಿರಿಯರಿಗೆ ಇದನ್ನು ವಿವರಿಸುವುದು ಕಷ್ಟ, ಆದರೂ ಪ್ರಯತ್ನಿಸುತ್ತೇನೆ. ಇಬ್ಬರು ಗೆಳತಿಯರು ದಿನಾ ಒಬ್ಬರಿಗೊಬ್ಬರು ಒಂದು ಚಿತ್ರ ಕಳಿಸಬೇಕು. ಹಾಗೆ ಬಿಡದೆ ಕಳಿಸಿದ ದಿನಗಳನ್ನು ಆ್ಯಪು ಎಣಿಸುತ್ತದೆ, ಅಂಕಿಯ ಪಕ್ಕ ಬೆಂಕಿಯ ಚಿತ್ರ ಉರಿಯುತ್ತಿರುತ್ತದೆ. ಅದಕ್ಕೆ ಸ್ಟ್ರೀಕ್ ಅನ್ನುತ್ತೇವೆ. 24 ಗಂಟೆ ಮೀರಿದರೆ ಬೆಂಕಿ ಆರಿತು, ಲೆಕ್ಕ ಮತ್ತೆ ಒಂದರಿಂದ. ಏನು ಕಳಿಸಬೇಕೆಂದು ಕೇಳಬೇಡಿ. ಫ್ಯಾನು, ಗೋಡೆ, ಚಪ್ಪಲಿ, ಅರ್ಧ ಹಣೆ. ನೋಡಿದ ಕೂಡಲೆ ಅಳಿಸಿಹೋಗುತ್ತದೆ. ಪಿಯುಸಿ ಗೆಳತಿಯೊಬ್ಬಳ ಜೊತೆ ನನ್ನ ಸ್ಟ್ರೀಕು ನಾನೂರು ದಾಟಿದೆ. ಅವಳು ಬೆಂಗಳೂರಿನಲ್ಲಿ ನರ್ಸಿಂಗ್ ಓದುತ್ತಾಳೆ. ಹಬ್ಬಕ್ಕೆ ಊರಿಗೆ ಹೋಗುವಾಗ, ಕೆರೆ ಏರಿಗೆ ಹೋಗಲಾಗದಿದ್ದರೆ ಎಂದು ಹೆದರಿ, ಪಾಸ್‌ವರ್ಡನ್ನು ರೂಮ್‌ಮೇಟ್ ಕೈಗೆ ಕೊಟ್ಟು ಹೋಗುತ್ತೇನೆ. ಊರಿಗೆ ಹೋಗುವವರು ಪಕ್ಕದ ಮನೆಯವರಿಗೆ ದೇವರ ದೀಪ ನೋಡಿಕೊಳ್ಳಿ ಎಂದು ಹೇಳುವುದಿಲ್ಲವೇ, ಹಾಗೆ. ನಾನೂ ಆ ನರ್ಸಿಂಗ್ ಗೆಳತಿಯೂ ಮಾತಾಡಿ ಎಷ್ಟು ದಿನವಾಯಿತು ಎಂದು ಮೊನ್ನೆ ಲೆಕ್ಕ ಹಾಕಿದೆ. ಹತ್ತಿರ ಹತ್ತಿರ ಐದು ತಿಂಗಳು. ನಾನೂರು ದಿನದ ಬೆಂಕಿ, ಐದು ತಿಂಗಳಿಂದ ಒಂದು ಮಾತಿಲ್ಲ. ಆ ಹೊತ್ತಿಗೇ ಫೋನ್ ಮಾಡಿದೆ. ಅವಳಿಗೆ ನೈಟ್ ಡ್ಯೂಟಿ, ಎತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಒಂದು ಫೋಟೋ ಬಂತು: ಆಸ್ಪತ್ರೆಯ ನೆಲ, ಅವಳ ಬಿಳಿ ಬೂಟು.

ಟೆಲಿಗ್ರಾಂ ನನಗೆ ಹಳೆಯ ಪ್ರಶ್ನೆಪತ್ರಿಕೆಗಳ ಗೂಡು. ಎಕ್ಸ್ ಎಂದು ಹೆಸರು ಬದಲಿಸಿಕೊಂಡ ಟ್ವಿಟರ್‌ಗೆ ಹೋಗುವುದು ಪರೀಕ್ಷೆ ಮುಂದೂಡಿದ ಸುದ್ದಿ ನಿಜವೇ ಎಂದು ನೋಡಲು ಮಾತ್ರ. ಯೂಟ್ಯೂಬಿನಲ್ಲಿ ಲೆಕ್ಕ ಕಲಿಯುತ್ತೇನೆ, ಹೋಳಿಗೆ ಮಾಡುವುದನ್ನೂ. ಆ ಯೂಟ್ಯೂಬಿನವರನ್ನು ನೋಡುವಾಗ ಒಂದು ಯೋಚನೆ ಬರುತ್ತದೆ. 1935ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಒಂದು ಬಾನುಲಿ ಕೇಂದ್ರ ನಡೆಸಿದರು. ‘ಆಕಾಶವಾಣಿ’ ಎಂಬ ಹೆಸರು ಬಂದದ್ದು ಅಲ್ಲಿಂದ. ಇವತ್ತಾಗಿದ್ದರೆ ಅವರನ್ನೂ ಚಾನೆಲ್ ನಡೆಸುವವರು ಅನ್ನುತ್ತಿದ್ದೆವು. ಸಬ್‌ಸ್ಕ್ರೈಬ್ ಮಾಡಿ ಎಂದು ಅವರು ಕೇಳಿರಲಿಕ್ಕಿಲ್ಲ.

ಜಾಲತಾಣಗಳೂ ಸಾಯುತ್ತವೆ. ಸೋದರಮಾವನ ಎಂಜಿನಿಯರಿಂಗ್ ದಿನಗಳೆಲ್ಲ ಆರ್ಕುಟ್‌ನಲ್ಲಿದ್ದವು. ಸೈಬರ್ ಕೆಫೆಯಲ್ಲಿ ಗಂಟೆಗಿಷ್ಟು ಎಂದು ಕೊಟ್ಟು ಕೂತು ಗೆಳೆಯರ ಸ್ಕ್ರ್ಯಾಪ್‌ಬುಕ್ಕಿನಲ್ಲಿ ಬರೆಯುತ್ತಿದ್ದರಂತೆ. 2014ರ ಸೆಪ್ಟೆಂಬರ್ 30ಕ್ಕೆ ಅದು ಮುಚ್ಚಿತು. ಮಾವ ಫೋಟೋ ತೆಗೆದಿಟ್ಟುಕೊಳ್ಳಲು ಮರೆತರು. ನನ್ನ ಕಾಲದಲ್ಲಿ ಸತ್ತದ್ದು ಕೂ. ಬೆಂಗಳೂರಿನದ್ದೇ ತಾಣ, 2020ರಲ್ಲಿ ಮೊದಲು ಕನ್ನಡದಲ್ಲೇ ಶುರುವಾದದ್ದು, ಹಳದಿ ಹಕ್ಕಿ. ಅಲ್ಲಿ ಕನ್ನಡ ಲಿಪಿಯಲ್ಲಿ ಬರೆಯಲು ಯಾವ ಮೇಷ್ಟ್ರ ಹೆದರಿಕೆಯೂ ಬೇಕಿರಲಿಲ್ಲ, ಎಲ್ಲರೂ ಹಾಗೇ ಬರೆಯುತ್ತಿದ್ದರು. ಪಿಯುಸಿಯಲ್ಲಿದ್ದಾಗ ನಮ್ಮ ಕೆರೆ ಕೋಡಿ ಬಿದ್ದದ್ದರ ಬಗ್ಗೆ ಹತ್ತು ಸಾಲು ಬರೆದಿದ್ದೆ. ಗುರುತಿಲ್ಲದ ಯಾರೋ ಒಬ್ಬರು, ‘ನಿಮ್ಮ ಕಡೆ ಕೋಡಿ ಬಿದ್ದರೆ ಗಂಗೆ ಪೂಜೆ ಮಾಡ್ತೀರಾ?’ ಎಂದು ಕೇಳಿದ್ದರು. ಉತ್ತರ ಬರೆಯಬೇಕು ಅಂದುಕೊಂಡೇ ಇದ್ದೆ. 2024ರ ಜುಲೈನಲ್ಲಿ ಮುಚ್ಚುತ್ತೇವೆ ಎಂದರು. ಮಾಡ್ತೀವಿ ಎಂದು ಇಲ್ಲಿಂದಲೇ ಹೇಳುತ್ತಿದ್ದೇನೆ, ಬಾಗಿನ ಬಿಡುತ್ತೇವೆ.

ಇನ್ನು ಲಿಂಕ್ಡ್‌ಇನ್. ಕೊನೆಯ ವರ್ಷಕ್ಕೆ ಬಂದ ಕೂಡಲೆ ಎಲ್ಲರೂ ಅಲ್ಲಿ ಖಾತೆ ತೆರೆಯಬೇಕು ಎಂದು ಕಾಲೇಜಿನಲ್ಲಿ ಹೇಳಿದರು. ಅನುಭವ ಎಂಬ ಜಾಗದಲ್ಲಿ ಏನು ಬರೆಯುವುದು? ನನಗಿರುವ ಅನುಭವ ಎಂದರೆ ಹಾಲಿನ ಲೆಕ್ಕ. ಎಂಟನೇ ಕ್ಲಾಸಿನಿಂದ ಮನೆಯ ಹಾಲಿನ ಪುಸ್ತಕ ನನ್ನದು. ಬೆಳಿಗ್ಗೆ ಎಷ್ಟು ಲೀಟರು, ಸಂಜೆ ಎಷ್ಟು, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ ಅಂದರೆ ಜಿಡ್ಡಲ್ಲದ ಘನಾಂಶ ಎಷ್ಟು ಬಂತು, ಡೇರಿಯ ಚೀಟಿಗೂ ಬ್ಯಾಂಕಿಗೆ ಬಿದ್ದ ದುಡ್ಡಿಗೂ ತಾಳೆಯಾಗುತ್ತದೆಯೇ, ಹಿಂಡಿಗೆ ಎಷ್ಟು ಮುರಿದುಕೊಂಡರು. ಫ್ಯಾಟ್ ಒಂದು ಪಾಯಿಂಟ್ ಇಳಿದರೆ ಯಾವ ಹಸುವಿನದು ಎಂದು ಹುಡುಕಿ ಮೇವು ಬದಲಿಸಿದ್ದೂ ಉಂಟು. ಇದನ್ನು ಗೆಳತಿಯೊಬ್ಬಳಿಗೆ ಹೇಳಿದೆ. ಅವಳು ಎರಡು ನಿಮಿಷ ಟೈಪ್ ಮಾಡಿ ಇಂಗ್ಲಿಷಿನಲ್ಲಿ ಒಂದು ಪ್ಯಾರಾ ಬರೆದುಕೊಟ್ಟಳು. ಅದರ ಪ್ರಕಾರ ನಾನು ಗ್ರಾಮೀಣ ಪೂರೈಕೆ ಸರಪಳಿಯೊಂದರಲ್ಲಿ ಏಳು ವರ್ಷ ಗುಣಮಟ್ಟದ ದತ್ತಾಂಶ ನಿರ್ವಹಿಸಿ, ಉತ್ಪಾದನೆ ಹೆಚ್ಚಿಸಿದ ಉತ್ಸಾಹಿ. ಸುಳ್ಳು ಒಂದಕ್ಷರವೂ ಇರಲಿಲ್ಲ. ಆದರೆ ಓದಿದರೆ ಕೊಟ್ಟಿಗೆಯ ವಾಸನೆಯೇ ಬರಲಿಲ್ಲ. ಮೂರು ದಿನ ಹಾಗೇ ಬಿಟ್ಟೆ. ಆಮೇಲೆ ಅಳಿಸಿ, ಸರಳ ಇಂಗ್ಲಿಷಿನಲ್ಲಿ ನಾಲ್ಕು ಸಾಲು ನಾನೇ ಬರೆದೆ: ಮನೆಯಲ್ಲಿ ಮೂರು ಹಸು, ಹಾಲಿನ ಲೆಕ್ಕ ಬರೆಯುವವಳು ನಾನು. ಕೆಲಸ ಸಿಕ್ಕಿತೇ ಎಂದು ಕೇಳಬೇಡಿ, ಇನ್ನೂ ಇಲ್ಲ. ಪಶು ಆಹಾರದ ಕಂಪನಿಯವರೊಬ್ಬರು ಮಾತ್ರ, ‘ಯಾವ ತಳಿ?’ ಎಂದು ಕೇಳಿದ್ದಾರೆ.

ಉಳಿದದ್ದು ಅಮ್ಮ. ಅಮ್ಮ ಓದಿದ್ದು ಮೂರನೇ ಕ್ಲಾಸು, ಟೈಪ್ ಮಾಡುವುದಿಲ್ಲ. ಮೈಕಿನ ಚಿತ್ರ ಒತ್ತಿ ಹಿಡಿದು ಮಾತಾಡುವುದನ್ನು ತಮ್ಮ ಕಲಿಸಿಕೊಟ್ಟಿದ್ದಾನೆ. ನನ್ನ ಫೋನಿನಲ್ಲಿ ಬರೆದ ಕನ್ನಡ ಎಷ್ಟೇ ಬಗೆಯದಿದ್ದರೂ, ಅಮ್ಮನದು ಬರೆಯದ ಕನ್ನಡ. ಹಿಂದೆ ಹಸುವಿನ ಗಂಟೆ ಇರುತ್ತದೆ, ಕುಕ್ಕರಿನ ಕೂಗು ಇರುತ್ತದೆ, ಅಪ್ಪ ಯಾರಿಗೋ ಏನೋ ಹೇಳುವುದು ಇರುತ್ತದೆ. ಆದರೆ ಅಮ್ಮನಿಗೆ ಇದು ಫೋನ್ ಮಾಡಿದ ಹಾಗಲ್ಲ, ಈ ಕಡೆಯವರು ಆ ಹೊತ್ತಿಗೆ ಕೇಳುತ್ತಿರುವುದಿಲ್ಲ ಎಂದು ಎಷ್ಟು ಹೇಳಿದರೂ ಮನಸ್ಸಿಗೆ ಬಂದಿಲ್ಲ. ‘ಹಲೋ, ಮಗಾ, ಉಂಡ್ಯಾ?’ ಎಂದು ಕೇಳಿ ಸುಮ್ಮನಾಗುತ್ತಾಳೆ. ಎರಡು ಮೂರು ಸೆಕೆಂಡು ಬರೀ ಕೊಟ್ಟಿಗೆಯ ಸದ್ದು. ನಾನು ಹೂಂ ಅಂದೆ ಎಂದು ತಾನೇ ಅಂದುಕೊಂಡು, ‘ಹ್ಞಾಂ, ಸರಿ’ ಎಂದು ಮುಂದಕ್ಕೆ ಹೋಗುತ್ತಾಳೆ. ಹಾಸ್ಟೆಲ್ಲಿನಲ್ಲಿ ರಾತ್ರಿ ಅದನ್ನು ಕಿವಿಗೆ ಹಿಡಿದುಕೊಂಡಾಗ, ಅವಳು ಬಿಟ್ಟ ಆ ಜಾಗದಲ್ಲಿ ನಾನೂ ಸಣ್ಣಗೆ ಹೂಂ ಅನ್ನುತ್ತೇನೆ. ರೂಮ್‌ಮೇಟ್‌ಗೆ ಈಗ ಅಭ್ಯಾಸವಾಗಿದೆ. ಕೊನೆಗೆ, ‘ಇಡ್ಲಾ?’ ಎಂದು ಕೇಳಿ ಮತ್ತೆ ಕಾಯುತ್ತಾಳೆ.

ರೇಡಿಯೋದಲ್ಲಿ ಮಾತಾಡುತ್ತೇನೆ ಎಂದಾಗ ಅಮ್ಮ ಕಳಿಸಿದ ಸಂದೇಶದಲ್ಲಿ ಎರಡೇ ಮಾತಿತ್ತು. ಗಂಟಲಿಗೆ ಬಿಸಿನೀರು ಕುಡಿ, ಮತ್ತೆ, ‘ನಮ್ಗೂ ತಿಳಿಯೋ ಹಂಗೆ ಮಾತಾಡವ್ವ’. ಇಲ್ಲಿ ಸ್ಟುಡಿಯೋದಲ್ಲಿ ಗಾಜಿನ ಆಚೆ ಕೂತಿರುವವರು ಹೊತ್ತಾಯಿತು ಎಂದು ಕೈ ತೋರಿಸುತ್ತಿದ್ದಾರೆ. ಇದು ಪ್ರಸಾರವಾಗುವಾಗ ಅಪ್ಪ ಹಾಲು ಕರೆಯುತ್ತಿರುತ್ತಾರೆ, ರೇಡಿಯೋ ಗೊಂತಿನ ಮೇಲೆ ಇರುತ್ತದೆ, ಅಮ್ಮ ಒಲೆಯ ಮುಂದೆ ಇರುತ್ತಾಳೆ. ಉಂಡಿದ್ದೀನಮ್ಮ. ಬಿಸಿನೀರೂ ಕುಡಿದೆ.

ಇಡ್ಲಾ?